ಗುಳಿಗೆ ದ್ರವವಾದಾಗ: ಗೆರ್ಹಾರ್ಟ್ ಡೋಮಾಕನ ಬಾಳು

ಕಳೆದ ಮಳೆಗಾಲದಲ್ಲಿ ನನ್ನ ಮೊಮ್ಮಗಳು ಗಂಟಲು ಬಾತು ಜ್ವರದಿಂದ ಮಲಗಿದಳು. ಆರು ವರ್ಷದ ಹುಡುಗಿ. ವೈದ್ಯರು ನೋಡಿ ಪ್ರತಿಜೀವಕ ಗುಳಿಗೆಯನ್ನು ಬರೆದುಕೊಟ್ಟರು. ದಿನಕ್ಕೆ ಮೂರು ಸಲ, ಒಂದೊಂದರಲ್ಲಿ ೨೫೦ ಮಿಲಿಗ್ರಾಂ ಮದ್ದು. ನೀರು ಕುಡಿಯುವುದೇ ಪ್ರಾಣಸಂಕಟವಾಗಿದ್ದ ಮಗುವಿಗೆ ಗುಳಿಗೆ ಇಳಿಯುವುದೆಂತು? ಬಾಳೆಹಣ್ಣಿನಲ್ಲಿ ಹುದುಗಿಸಿ ಕೊಟ್ಟೆವು, ಉಗುಳಿದಳು; ಅರೆದು ಜೇನಿನಲ್ಲಿ ಕಲಸಿ ಕೊಟ್ಟೆವು, ಕಹಿ ತಾಗಿದೊಡನೆ ವಾಂತಿ ಮಾಡಿಕೊಂಡಳು. ಮರುದಿನ ಬೆಳಗ್ಗೆ ವೈದ್ಯರು ಅದೇ ಮದ್ದಿನ ದ್ರವರೂಪವನ್ನು ಬರೆದುಕೊಟ್ಟರು. ಔಷಧದಂಗಡಿಯವನು ಕೊಟ್ಟ ಸೀಸೆಯಲ್ಲಿ ದ್ರವವೇ ಇರಲಿಲ್ಲ. ತಳದಲ್ಲಿ ಒಣ ಪುಡಿ ಇದ್ದಿತು. ಕಾಯಿಸಿ ಆರಿಸಿದ ನೀರನ್ನು ಸೀಸೆಯ ಗುರುತಿನವರೆಗೆ ಹೊಯ್ದು ಅಲುಗಿಸಿದರೆ ಅದು ಹಣ್ಣಿನ ಪರಿಮಳದ ಪಾನಕವಾಗುತ್ತದೆ. ನೀರಿನಲ್ಲಿ ಈ ಮದ್ದು ಬಹುಕಾಲ ನಿಲ್ಲದು, ದಿನ ಕಳೆದಂತೆ ಸತ್ವಗೆಡುತ್ತದೆ. ಆದುದರಿಂದಲೇ ಬೇಕಾದಾಗ ಕಲಸಿಕೊಂಡು, ಹೇಳಿದ ದಿನಗಳೊಳಗೆ ಮುಗಿಸಿ, ಉಳಿದುದನ್ನು ಚೆಲ್ಲಬೇಕು.

ಮೊಮ್ಮಗಳು ಆ ಪಾನಕವನ್ನು ಚಪ್ಪರಿಸಿ ಕುಡಿದಳು. ಮನೆಯವರೆಲ್ಲರಿಗೂ ಸಮಾಧಾನವಾಯಿತು. ಒಂದು ಗುಳಿಗೆಯ ಬದಲು ಒಂದು ಮುಚ್ಚಳ ಎಂದು ನಾನೇ ಅಳೆದು ಕೊಟ್ಟಿದ್ದೆ. ಆದರೂ ಜ್ವರ ಇಳಿಯಲಿಲ್ಲ. ರಾತ್ರಿ ಕನ್ನಡಕ ಹಾಕಿಕೊಂಡು ಸೀಸೆಯ ಮೇಲಿನ ಸಣ್ಣಕ್ಷರಗಳನ್ನು ಓದಿದಾಗ ನನ್ನ ತಪ್ಪು ತಿಳಿಯಿತು. ಐದು ಮಿಲಿಲೀಟರಿನ ಮುಚ್ಚಳದಲ್ಲಿದ್ದುದು ೧೨೫ ಮಿಲಿಗ್ರಾಂ ಮದ್ದು. ಒಂದು ಗುಳಿಗೆಗೆ ಸಮವಾಗಬೇಕಾದರೆ ಎರಡು ಮುಚ್ಚಳ, ಎಂದರೆ ಹತ್ತು ಮಿಲಿಲೀಟರ್ ಕೊಡಬೇಕಾಗಿದ್ದಿತು. ವೈದ್ಯರ ಚೀಟಿಯಲ್ಲಿಯೂ ಹಾಗೆಯೇ ಬರೆದಿದ್ದಿತು; ನಾನು ಸರಿಯಾಗಿ ಓದಿರಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ತ್ರೈರಾಶಿಯನ್ನು ಕಲಿಸಿದ ನಾನು ಮನೆಯ ಮಗುವಿಗೆ ಇಡೀ ದಿನ ಅರ್ಧ ಮದ್ದನ್ನು ಕುಡಿಸಿದ್ದೆ. ವೈದ್ಯರನ್ನು ವಿಚಾರಿಸಿ ಅಳತೆಯನ್ನು ಸರಿಪಡಿಸಿದ ಮೇಲೆ ಎರಡು ದಿನಗಳಲ್ಲಿ ಜ್ವರ ಬಿಟ್ಟಿತು. ಆ ರಾತ್ರಿ ಮಾತ್ರ ನನಗೆ ನಿದ್ರೆ ಹತ್ತಲಿಲ್ಲ. ಮಗುವಿನ ಪಕ್ಕದಲ್ಲಿ ಕುಳಿತಿದ್ದಾಗ, ಬಹಳ ಹಿಂದೆ ಓದಿದ್ದ ಒಬ್ಬ ಮನುಷ್ಯನ ಬಾಳು ನೆನಪಿಗೆ ಬಂದಿತು. ಅವನಿಗೂ ಆರು ವರ್ಷದ ಮಗಳೊಬ್ಬಳಿದ್ದಳು. ಅವನೂ ಮದ್ದನ್ನು ಕೈಯಲ್ಲಿ ಹಿಡಿದು ಅವಳ ಹಾಸಿಗೆಯ ಬಳಿ ನಿಂತಿದ್ದನು. ಅವನ ಹೆಸರು ಗೆರ್ಹಾರ್ಟ್ ಡೋಮಾಕ್.

ಡೋಮಾಕನು ೧೮೯೫ನೆಯ ಅಕ್ಟೋಬರ್ ೩೦ರಂದು ಜರ್ಮನಿಯ ಬ್ರಾಂಡೆನ್‌ಬುರ್ಗ್ ಪ್ರಾಂತದ ಲಾಗೋ ಎಂಬ ಚಿಕ್ಕ ಊರಿನಲ್ಲಿ ಜನಿಸಿದನು. ಆ ಊರು ಇಂದು ಪೋಲೆಂಡಿಗೆ ಸೇರಿದೆ. ತಂದೆ ಶಾಲೆಯ ಉಪಾಧ್ಯಾಯ. ಹುಡುಗನು ಕೀಲ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರದ ವ್ಯಾಸಂಗಕ್ಕೆ ತೊಡಗಿದ ಸ್ವಲ್ಪ ಕಾಲದಲ್ಲಿಯೇ ೧೯೧೪ರ ಮಹಾಯುದ್ಧ ಆರಂಭವಾಯಿತು. ಸಹಪಾಠಿಗಳಂತೆ ಅವನೂ ತಾನಾಗಿ ಸೈನ್ಯಕ್ಕೆ ಸೇರಿದನು. ಆ ವರ್ಷದ ಡಿಸೆಂಬರಿನಲ್ಲಿಯೇ ಗಾಯಗೊಂಡನು. ಅಲ್ಲಿಂದ ಮುಂದೆ ಅವನನ್ನು ವೈದ್ಯಕೀಯ ದಳಕ್ಕೆ ವರ್ಗ ಮಾಡಿದರು. ರಷ್ಯದ ರಣರಂಗದ ಕಾಲರಾ ಆಸ್ಪತ್ರೆಗಳಲ್ಲಿ ಅವನು ಕಂಡ ನೋಟಗಳು ಅವನ ಬಾಳಿನ ದಾರಿಯನ್ನೇ ತಿದ್ದಿದವು. ಶಸ್ತ್ರವೈದ್ಯರು ಕೈಕಾಲುಗಳನ್ನು ಕತ್ತರಿಸಿ ಪ್ರಾಣವನ್ನು ಉಳಿಸಿದೆವೆಂದು ನಿಟ್ಟುಸಿರು ಬಿಡುತ್ತಿದ್ದರು. ಕೆಲವೇ ದಿನಗಳಲ್ಲಿ ಆ ಗಾಯ ಕೀತು, ಮಾಂಸ ಕೊಳೆತು, ಸಿಪಾಯಿ ಸಾಯುತ್ತಿದ್ದನು. ಶತ್ರುವಿನ ಗುಂಡಿನಿಂದ ತಪ್ಪಿಸಿಕೊಂಡವನನ್ನು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಯು ಕೊಲ್ಲುತ್ತಿದ್ದಿತು. ಗಾಯವನ್ನು ಹೊರಗಿನಿಂದ ತೊಳೆಯುವ ಮದ್ದುಗಳಿದ್ದವು. ರಕ್ತದೊಳಕ್ಕೆ ಹೊಕ್ಕ ರೋಗಾಣುವನ್ನು ಒಳಗಿನಿಂದ ಅಟ್ಟಬಲ್ಲ ಮದ್ದು ವೈದ್ಯನ ಬಳಿ ಇರಲಿಲ್ಲ.

ಯುದ್ಧ ಮುಗಿದ ಮೇಲೆ ಡೋಮಾಕನು ಕೀಲ್ ನಗರಕ್ಕೆ ಹಿಂದಿರುಗಿ ೧೯೨೧ರಲ್ಲಿ ವೈದ್ಯಪದವಿಯನ್ನು ಪಡೆದನು. ಅನಂತರ ಗ್ರೈಫ್ಸ್‌ವಾಲ್ಡ್‌ನಲ್ಲಿಯೂ ಮ್ಯೂನ್‌ಸ್ಟರಿನಲ್ಲಿಯೂ ರೋಗಶಾಸ್ತ್ರದ ಅಧ್ಯಾಪಕನಾದನು. ೧೯೨೫ರಲ್ಲಿ ಗೆರ್ಟ್ರೂಡ್ ಸ್ಟ್ರ್ಯೂಬೆಯನ್ನು ಮದುವೆಯಾದನು. ಮೂವರು ಗಂಡುಮಕ್ಕಳೂ ಒಬ್ಬ ಮಗಳೂ ಹುಟ್ಟಿದರು. ಅಧ್ಯಾಪಕನ ಸಂಬಳ ಅಲ್ಪ, ಪ್ರಯೋಗಕ್ಕೆ ಹಣವಿಲ್ಲ. ಇಂತಿರುವಾಗ ೧೯೨೭ರಲ್ಲಿ ಐ. ಜಿ. ಫಾರ್ಬೆನ್ ಎಂಬ ದೊಡ್ಡ ರಾಸಾಯನಿಕ ಸಂಸ್ಥೆಯು ಎಲ್ಬರ್‌ಫೆಲ್ಡ್‌ನಲ್ಲಿದ್ದ ತನ್ನ ಬೇಯರ್ ಪ್ರಯೋಗಶಾಲೆಗೆ ಅವನನ್ನು ಕರೆಯಿತು. ವಿಶ್ವವಿದ್ಯಾನಿಲಯದ ನಂಟನ್ನು ಬಿಡದೆಯೇ ಅವನು ಅಲ್ಲಿಗೆ ಹೋದನು.

ಆ ಸಂಸ್ಥೆಯ ಮೂಲ ಕಸುಬು ಬಣ್ಣಗಳ ತಯಾರಿಕೆ. ಬಟ್ಟೆಗೆ ಹಾಕುವ ಬಣ್ಣಕ್ಕೂ ಮನುಷ್ಯನ ರೋಗಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸೂಕ್ಷ್ಮದರ್ಶಕದಲ್ಲಿ ರೋಗಾಣುಗಳನ್ನು ಕಾಣಲು ವಿಜ್ಞಾನಿಗಳು ಅವುಗಳಿಗೆ ಬಣ್ಣ ಹಿಡಿಸುತ್ತಿದ್ದರು. ಕೆಲವು ಬಣ್ಣಗಳು ಸುತ್ತಲಿನ ಅಂಗಾಂಶವನ್ನು ಬಿಟ್ಟು ರೋಗಾಣುವನ್ನೇ ಹಿಡಿಯುತ್ತವೆ. ರೋಗಾಣುವನ್ನೇ ಹುಡುಕಿ ಹಿಡಿಯುವ ಬಣ್ಣವು ಅದನ್ನು ಕೊಲ್ಲಲೂಬಹುದಲ್ಲವೆ ಎಂಬ ಯೋಚನೆ ಪೌಲ್ ಎರ್ಲಿಖ್ ಎಂಬ ಹಿರಿಯ ವಿಜ್ಞಾನಿಯದು. ಡೋಮಾಕನು ಆ ಜಾಡನ್ನೇ ಹಿಡಿದನು. ಯೋಸೆಫ್ ಕ್ಲಾರರ್, ಫ್ರಿಟ್ಸ್ ಮೀಟ್ಷ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಹೊಸ ಹೊಸ ಬಣ್ಣಗಳನ್ನು ಕಟ್ಟಿಕೊಡುವರು. ಡೋಮಾಕನು ಒಂದೊಂದನ್ನೂ ಇಲಿಗಳ ಮೇಲೆ ಪರೀಕ್ಷಿಸುವನು. ವರ್ಷಗಳು ಕಳೆದವು. ಇಲಿಗಳು ಸಾಯುತ್ತಲೇ ಇದ್ದವು.

ಇಲ್ಲಿ ಅವನ ಪದ್ಧತಿಯ ವಿಚಾರವಾಗಿ ಒಂದು ಮಾತನ್ನು ಹೇಳಬೇಕು. ಗಾಜಿನ ನಳಿಗೆಯಲ್ಲಿ ರೋಗಾಣುಗಳನ್ನು ಕೊಲ್ಲದ ಮದ್ದನ್ನು ಇತರರು ಅಲ್ಲಿಗೇ ಕೈಬಿಡುತ್ತಿದ್ದರು. ಡೋಮಾಕನು ಹಾಗೆ ಬಿಡಲಿಲ್ಲ. ಮದ್ದು ಕೆಲಸ ಮಾಡಬೇಕಾದುದು ಜೀವಂತ ದೇಹದೊಳಗೆ. ಆದುದರಿಂದ ಜೀವಂತ ಪ್ರಾಣಿಯೇ ಅದರ ನಿಜವಾದ ಪರೀಕ್ಷಾಸ್ಥಾನವೆಂಬುದು ಅವನ ನಿಲುವು. ಆ ನಿಲುವಿಲ್ಲದಿದ್ದರೆ ಅವನ ಹೆಸರು ಇಂದು ಯಾರಿಗೂ ತಿಳಿಯುತ್ತಿರಲಿಲ್ಲ. ಏಕೆಂದರೆ ೧೯೩೨ರ ಕೊನೆಯಲ್ಲಿ ಅವನ ಕೈಗೆ ಬಂದ ಇಟ್ಟಿಗೆಗೆಂಪಿನ ಬಣ್ಣವು ಗಾಜಿನ ನಳಿಗೆಯಲ್ಲಿ ಏನನ್ನೂ ಮಾಡಲಿಲ್ಲ.

ಆ ಡಿಸೆಂಬರಿನಲ್ಲಿ ಡೋಮಾಕನು ೨೬ ಇಲಿಗಳಿಗೆ ಸ್ಟ್ರೆಪ್ಟೊಕಾಕಸ್ ಎಂಬ ಮಾರಕ ರೋಗಾಣುವನ್ನು ಚುಚ್ಚಿದನು. ಅವುಗಳಲ್ಲಿ ೧೨ಕ್ಕೆ ಕೆಂಪು ಬಣ್ಣವನ್ನು ಕೊಟ್ಟನು. ೧೪ನ್ನು ಹಾಗೆಯೇ ಬಿಟ್ಟನು. ನಾಲ್ಕು ದಿನಗಳೊಳಗೆ ಆ ಹದಿನಾಲ್ಕೂ ಸತ್ತವು. ಬಣ್ಣವನ್ನು ಪಡೆದ ಹನ್ನೆರಡೂ ಬದುಕಿದವು. ಆ ತಿಂಗಳೇ ಸಂಸ್ಥೆಯು ಅದಕ್ಕೆ ಹಕ್ಕುಪತ್ರವನ್ನು ಕೋರಿತು. ಮುಂದೆ ಅದಕ್ಕೆ ಪ್ರೊಂಟೋಸಿಲ್ ಎಂದು ಹೆಸರಾಯಿತು.

ಇಂತಹ ಫಲ ಕೈಗೆ ಬಂದವನು ಊರೆಲ್ಲ ಸಾರಿಕೊಂಡು ಬರುವುದು ಸಹಜ. ಡೋಮಾಕನು ಎರಡು ವರ್ಷಕ್ಕೂ ಮೇಲ್ಪಟ್ಟು ಏನನ್ನೂ ಪ್ರಕಟಿಸಲಿಲ್ಲ. ಪ್ರಯೋಗಗಳು ಮುಂದುವರಿದವು, ಮದ್ದನ್ನು ಆಯ್ದ ಕೆಲವು ವೈದ್ಯರಿಗೆ ಕಳುಹಿಸಲಾಯಿತು. ೧೯೩೩ರಲ್ಲಿ ಡ್ಯುಸೆಲ್‌ಡಾರ್ಫ್‌ನಲ್ಲಿ ರಕ್ತ ನಂಜಾಗಿ ಸಾಯುವ ಸ್ಥಿತಿಯಲ್ಲಿದ್ದ ಹತ್ತು ತಿಂಗಳ ಕೂಸೊಂದು ಅದರಿಂದ ಬದುಕಿತು. ೧೯೩೫ನೆಯ ಫೆಬ್ರವರಿಯಲ್ಲಿ ಜರ್ಮನ್ ವೈದ್ಯಪತ್ರಿಕೆಯೊಂದರಲ್ಲಿ ಡೋಮಾಕನ ಲೇಖನ ಬೆಳಕು ಕಂಡಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಅವನ ಮನೆಯಲ್ಲಿಯೇ ಪರೀಕ್ಷೆ ಒದಗಿತು. ಮಗಳು ಹಿಲ್ಡೆಗಾರ್ಡ್ ಸೂಜಿಯನ್ನು ಹಿಡಿದುಕೊಂಡು ಬಿದ್ದಳು. ಸೂಜಿ ಅವಳ ಕೈಯೊಳಕ್ಕೆ ಹೊಕ್ಕು ಮುರಿಯಿತು. ಆಸ್ಪತ್ರೆಯಲ್ಲಿ ಅದನ್ನು ತೆಗೆದರೂ ಕೈ ಬಾತು ಕೀವಾಯಿತು. ನಂಜು ತೋಳಿಗೆ ಏರಿತು. ಶಸ್ತ್ರವೈದ್ಯರು ಮತ್ತೆ ಮತ್ತೆ ಕೊಯ್ದು ಕೀವನ್ನು ತೆಗೆದರು, ಜ್ವರ ಇಳಿಯಲಿಲ್ಲ. ಕಡೆಗೆ ತೋಳನ್ನು ಕತ್ತರಿಸುವ ಮಾತು ಬಂದಿತು. ರಣರಂಗದ ಆಸ್ಪತ್ರೆಯಲ್ಲಿ ತೋಳು ಕತ್ತರಿಸಿದ ಮೇಲೂ ಸತ್ತವರನ್ನು ಕಂಡಿದ್ದ ಆ ತಂದೆಗೆ ಆ ಮಾತಿನ ಅರ್ಥ ಚೆನ್ನಾಗಿ ತಿಳಿದಿತ್ತು. ಅವನು ತನ್ನ ಪ್ರಯೋಗಶಾಲೆಯಿಂದ ಕೆಂಪು ಮದ್ದನ್ನು ತಂದು ಮಗಳಿಗೆ ಕೊಟ್ಟನು. ಜ್ವರ ಇಳಿಯಿತು. ಹುಡುಗಿ ಬದುಕಿದಳು, ತೋಳೂ ಉಳಿಯಿತು.

ಈ ಪ್ರಸಂಗವನ್ನು ಹೇಳುವವರು ಅನೇಕ ವೇಳೆ, ಯಾವ ಮನುಷ್ಯನ ಮೇಲೂ ಪರೀಕ್ಷಿಸದ ಮದ್ದನ್ನು ತಂದೆಯು ಮೊದಲ ಬಾರಿಗೆ ತನ್ನ ಮಗಳಿಗೆ ಕೊಟ್ಟನೆಂದು ಬಣ್ಣಿಸುತ್ತಾರೆ. ಕಥೆಗೆ ಅದು ಸೊಗಸು. ಆದರೆ ಕಾಲಗಣನೆ ಒಪ್ಪುವುದಿಲ್ಲ. ಹಿಲ್ಡೆಗಾರ್ಡಳಿಗೆ ಮುಂಚೆ ಇಲಿಗಳಿದ್ದವು. ಇಲಿಗಳಾದ ಮೇಲೆ ಆಸ್ಪತ್ರೆಗಳ ರೋಗಿಗಳಿದ್ದರು. ಅವನ ಧೈರ್ಯದ ಹಿಂದೆ ಮೂರು ವರ್ಷಗಳ ತಾಳ್ಮೆಯ ಪರೀಕ್ಷೆ ಇದ್ದಿತು. ನನಗೆ ಅವನು ದೊಡ್ಡವನಾಗಿ ಕಾಣುವುದು ಈ ಕಾರಣದಿಂದಲೇ.

ಕೆಂಪು ಮದ್ದಿನ ಗುಟ್ಟನ್ನು ಬಿಡಿಸಿದವರು ಫ್ರೆಂಚರು. ೧೯೩೫ರ ಕೊನೆಯಲ್ಲಿ ಪ್ಯಾರಿಸಿನ ಪಾಸ್ತರ್ ಸಂಸ್ಥೆಯ ತ್ರೆಫುವೆಲ್ ದಂಪತಿಗಳು, ನಿಟ್ಟಿ, ಬೋವೆ ಇವರು ಒಂದು ವಿಚಿತ್ರವನ್ನು ಕಂಡರು. ಪ್ರೊಂಟೋಸಿಲ್ ದೇಹದೊಳಗೆ ಎರಡಾಗಿ ಒಡೆಯುತ್ತದೆ. ರೋಗಾಣುವನ್ನು ಹತೋಟಿಗೆ ತರುವುದು ಅದರ ಬಣ್ಣವಿಲ್ಲದ ತುಂಡು. ಆ ತುಂಡಿನ ಹೆಸರು ಸಲ್ಫನಿಲಮೈಡ್. ಗಾಜಿನ ನಳಿಗೆಯಲ್ಲಿ ಮದ್ದು ಸುಮ್ಮನಿದ್ದುದು ಏಕೆಂಬುದು ಆಗ ತಿಳಿಯಿತು. ಅಲ್ಲಿ ಅದನ್ನು ಒಡೆಯುವ ಜೀವಂತ ದೇಹವಿರಲಿಲ್ಲ. ಈ ಸಲ್ಫನಿಲಮೈಡನ್ನು ವಿಯೆನ್ನದ ಪೌಲ್ ಗೆಲ್ಮೊ ೧೯೦೮ರಲ್ಲಿಯೇ ತಯಾರಿಸಿದ್ದನು. ಅದರ ಹಕ್ಕುಪತ್ರದ ಅವಧಿ ಮುಗಿದಿದ್ದಿತು. ಆದುದರಿಂದ ಯಾವ ದೇಶದ ಯಾವ ಕಾರ್ಖಾನೆಯಾದರೂ ಅದನ್ನು ಅಗ್ಗವಾಗಿ ಮಾಡಿ ಮಾರಬಹುದಾಗಿತ್ತು.

ಕಟ್ಟುನಿಟ್ಟಾಗಿ ಹೇಳುವುದಾದರೆ ಇದು ಪ್ರತಿಜೀವಕವಲ್ಲ. ಆ ಹೆಸರು ಪೆನಿಸಿಲಿನ್ನಿನಂತೆ ಒಂದು ಸೂಕ್ಷ್ಮಜೀವಿಯಿಂದ ಹುಟ್ಟಿ ಇನ್ನೊಂದನ್ನು ಅಡಗಿಸುವ ಮದ್ದಿಗೆ ಸಲ್ಲುತ್ತದೆ. ಸಲ್ಫಾ ಮದ್ದು ರಸಾಯನಶಾಲೆಯ ಕೂಸು. ಆದರೆ ಮಾಡುವ ಕೆಲಸ ಅದೇ. ಪೆನಿಸಿಲಿನ್ ಜನರ ಕೈಗೆ ಬರುವುದಕ್ಕೆ ಮುಂಚೆ ಆ ಕೆಲಸವನ್ನು ಮಾಡಿದುದು ಅದು. ಲಂಡನಿನ ಕ್ವೀನ್ ಷಾರ್ಲಟ್ಸ್ ಹೆರಿಗೆ ಆಸ್ಪತ್ರೆಯಲ್ಲಿ ಲೆನಾರ್ಡ್ ಕೋಲ್‌ಬ್ರೂಕ್ ೧೯೩೬ರಲ್ಲಿ ಸೂತಿಕಾಜ್ವರದ ಬಾಣಂತಿಯರಿಗೆ ಪ್ರೊಂಟೋಸಿಲನ್ನು ಕೊಟ್ಟನು. ಅದಕ್ಕೆ ಮುಂಚೆ ಅಲ್ಲಿ ಆ ಜ್ವರ ಬಂದ ನಾಲ್ಕೈದು ಬಾಣಂತಿಯರಲ್ಲಿ ಒಬ್ಬಳು ಸಾಯುತ್ತಿದ್ದಳು. ಮದ್ದನ್ನು ಪಡೆದ ೬೪ ಮಂದಿಯಲ್ಲಿ ಸತ್ತವರು ಮೂವರು ಮಾತ್ರ. ಆ ವರ್ಷದ ಕೊನೆಯಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರ ಮಗನು ಗಂಟಲು ನಂಜಾಗಿ ಸಾವಿನ ಬಾಗಿಲಿನವರೆಗೆ ಹೋಗಿ ಇದೇ ಮದ್ದಿನಿಂದ ಹಿಂದಿರುಗಿದನು. ಪತ್ರಿಕೆಗಳಲ್ಲಿ ಸುದ್ದಿ ಬಂದುದೇ ತಡ, ಅಮೆರಿಕದ ತುಂಬ ಗಂಟಲು ನೋವಿಗೂ ಸಲ್ಫಾ ಬೇಕೆಂದು ಜನ ಕೇಳತೊಡಗಿದರು.

ಗುಳಿಗೆಯ ರೂಪದಲ್ಲಿಯೂ ಪುಡಿಯ ರೂಪದಲ್ಲಿಯೂ ಸಲ್ಫನಿಲಮೈಡ್ ಅಲ್ಲಿ ಬಳಕೆಯಲ್ಲಿದ್ದಿತು. ಆದರೆ ಮಕ್ಕಳಿಗೆ ಗುಳಿಗೆ ನುಂಗುವುದು ಕಷ್ಟ; ದಕ್ಷಿಣದ ರಾಜ್ಯಗಳಲ್ಲಿ ದೊಡ್ಡವರೂ ದ್ರವರೂಪದ ಮದ್ದನ್ನೇ ಕೇಳುತ್ತಿದ್ದರು. ಟೆನೆಸಿ ರಾಜ್ಯದ ಬ್ರಿಸ್ಟಲ್ ಊರಿನ ಮ್ಯಾಸೆಂಗಿಲ್ ಕಂಪೆನಿಯ ಮಾರಾಟಗಾರನೊಬ್ಬನು ಈ ಬೇಡಿಕೆಯನ್ನು ೧೯೩೭ರಲ್ಲಿ ತನ್ನ ಒಡೆಯರಿಗೆ ತಿಳಿಸಿದನು. ಬೇಡಿಕೆಯಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಮೊಮ್ಮಗಳ ಹಾಸಿಗೆಯ ಬಳಿ ನಾನು ಬಯಸಿದುದೂ ಅದನ್ನೇ. ತೊಡಕಿದ್ದುದು ಮದ್ದಿನ ಸ್ವಭಾವದಲ್ಲಿ. ಸಲ್ಫನಿಲಮೈಡ್ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಕಂಪೆನಿಯ ಮುಖ್ಯ ರಸಾಯನಜ್ಞ ಹೆರಾಲ್ಡ್ ವಾಟ್‌ಕಿನ್ಸ್ ಒಂದೊಂದೇ ದ್ರಾವಕವನ್ನು ಪ್ರಯತ್ನಿಸಿ, ಕಡೆಗೆ ಡೈಎಥಿಲೀನ್ ಗ್ಲೈಕಾಲ್ ಎಂಬ ಸಿಹಿಯಾದ ದ್ರವದಲ್ಲಿ ಅದು ಕರಗುವುದನ್ನು ಕಂಡನು. ಮದ್ದು ನೂರಕ್ಕೆ ಹತ್ತು ಪಾಲು, ಗ್ಲೈಕಾಲ್ ಸುಮಾರು ಎಪ್ಪತ್ತೆರಡು ಪಾಲು, ಉಳಿದುದು ಹೆಚ್ಚಾಗಿ ನೀರು. ಅದಕ್ಕೆ ರಾಸ್ಪ್‌ಬೆರಿ ಹಣ್ಣಿನ ರುಚಿಯನ್ನು ಸೇರಿಸಿದರು. ಕಂಪೆನಿಯವರು ಬಣ್ಣವನ್ನು ನೋಡಿದರು, ವಾಸನೆಯನ್ನು ನೋಡಿದರು, ರುಚಿಯನ್ನು ನೋಡಿದರು. ಒಂದು ಇಲಿಗೂ ಕುಡಿಸಿ ನೋಡಲಿಲ್ಲ. ಆ ದ್ರಾವಕವು ಮೂತ್ರಪಿಂಡಗಳನ್ನು ಕೆಡಿಸುವ ವಿಷ.

ಸೆಪ್ಟೆಂಬರಿನಲ್ಲಿ ೨೪೦ ಗ್ಯಾಲನ್ ಪಾನಕ ದೇಶದ ಮೂಲೆಮೂಲೆಗೆ ಹೊರಟಿತು. ಅಕ್ಟೋಬರಿನಲ್ಲಿ ಓಕ್ಲಹೋಮದ ಟಲ್ಸಾ ನಗರದ ವೈದ್ಯರು ಬೆದರಿ ಅಮೆರಿಕದ ವೈದ್ಯಸಂಘಕ್ಕೆ ಸುದ್ದಿ ಕಳುಹಿಸಿದರು. ಗಂಟಲು ನೋವಿಗೆ ಮದ್ದು ಕುಡಿದ ಮಕ್ಕಳಿಗೆ ಮೂತ್ರ ಕಟ್ಟುತ್ತಿದ್ದಿತು. ಹೊಟ್ಟೆನೋವು, ವಾಂತಿ, ಮಂಪರು, ಸೆಳವು. ವಾರ ಎರಡು ವಾರ ನರಳಿ ಸಾಯುತ್ತಿದ್ದರು. ಆಹಾರ ಮತ್ತು ಔಷಧ ಆಡಳಿತದ ೨೩೯ ಮಂದಿ ಪರೀಕ್ಷಕರಲ್ಲಿ ಬಹುಮಟ್ಟಿಗೆ ಎಲ್ಲರೂ ಬೀದಿಗಿಳಿದರು. ಅಂಗಡಿಯ ಪುಸ್ತಕಗಳನ್ನು ತಿರುವಿ, ವೈದ್ಯರ ಚೀಟಿಗಳನ್ನು ಹುಡುಕಿ, ಮನೆಮನೆಗೆ ಹೋಗಿ ಸೀಸೆಗಳನ್ನು ಹಿಂದಕ್ಕೆ ತಂದರು. ೨೩೪ ಗ್ಯಾಲನ್ ಸಿಕ್ಕಿತು. ಸಿಕ್ಕದೆ ಹೋದ ಆರು ಗ್ಯಾಲನ್ ಪಾನಕದಿಂದ ನೂರಕ್ಕೂ ಮೇಲ್ಪಟ್ಟು ಜನ ಸತ್ತರು. ಅವರಲ್ಲಿ ಮಕ್ಕಳೇ ೩೪ ಮಂದಿ. ಓಕ್ಲಹೋಮದ ಒಬ್ಬ ತಾಯಿ ತನ್ನ ಪುಟ್ಟ ಮಗಳ ಸಮಾಧಿಯ ವಿಚಾರವನ್ನು ಅಧ್ಯಕ್ಷರಿಗೆ ಬರೆದು, ಇಂತಹ ಮದ್ದು ಇನ್ನು ಮಾರಾಟವಾಗದಂತೆ ಮಾಡಬೇಕೆಂದು ಬೇಡಿಕೊಂಡಳು.

ನ್ಯಾಯಾಲಯದಲ್ಲಿ ನಡೆದುದು ಇನ್ನೂ ವಿಚಿತ್ರ. ವಿಷವನ್ನು ಪರೀಕ್ಷಿಸದೆ ಮಾರುವುದು ಆಗಿನ ಕಾನೂನಿನಲ್ಲಿ ಅಪರಾಧವಾಗಿರಲಿಲ್ಲ. ಕಂಪೆನಿಯು ತನ್ನ ಪಾನಕಕ್ಕೆ ಎಲಿಕ್ಸಿರ್ ಎಂದು ಹೆಸರಿಟ್ಟಿದ್ದಿತು. ಆ ಹೆಸರು ಮದ್ಯಸಾರದಲ್ಲಿ ಕರಗಿಸಿದ ಮದ್ದಿಗೆ ಮಾತ್ರ ಸಲ್ಲತಕ್ಕದ್ದು, ಇದರಲ್ಲಿ ಮದ್ಯಸಾರವಿರಲಿಲ್ಲ. ತಪ್ಪು ಹೆಸರಿಟ್ಟರೆಂಬ ಆ ಒಂದೇ ಆರೋಪದ ಮೇಲೆ ಕಂಪೆನಿಗೆ ೨೬,೧೦೦ ಡಾಲರ್ ದಂಡವಾಯಿತು. ಹೆಸರನ್ನು ಸರಿಯಾಗಿ ಇಟ್ಟಿದ್ದರೆ ಅದೂ ಆಗುತ್ತಿರಲಿಲ್ಲ. ವಾಟ್‌ಕಿನ್ಸನು ಆತ್ಮಹತ್ಯೆ ಮಾಡಿಕೊಂಡನು. ೧೯೩೮ನೆಯ ಜೂನ್ ೨೫ರಂದು ರೂಸ್‌ವೆಲ್ಟರು ಹೊಸ ಕಾನೂನಿಗೆ ಸಹಿ ಹಾಕಿದರು. ಮಾರುಕಟ್ಟೆಗೆ ಬರುವ ಮುನ್ನವೇ ಮದ್ದು ಅಪಾಯಕಾರಿಯಲ್ಲವೆಂದು ತೋರಿಸಬೇಕೆಂಬ ನಿಯಮ ಬಂದಿತು. ಆ ಪಾನಕದ ವಿಷವನ್ನು ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಗಳ ಮೇಲೆ ಪರೀಕ್ಷಿಸಿದ ತಂಡದಲ್ಲಿ ಫ್ರಾನ್ಸೆಸ್ ಓಲ್ಡ್‌ಹ್ಯಾಮ್ ಎಂಬ ವಿದ್ಯಾರ್ಥಿನಿಯಿದ್ದಳು. ಮದುವೆಯಾಗಿ ಕೆಲ್ಸಿ ಎಂಬ ಹೆಸರನ್ನು ಪಡೆದ ಅವಳೇ ೧೯೬೦ರಲ್ಲಿ ಥ್ಯಾಲಿಡೊಮೈಡ್ ಮದ್ದಿಗೆ ಅಮೆರಿಕದಲ್ಲಿ ಅನುಮತಿ ಕೊಡದೆ ತಡೆದು, ಎಷ್ಟೋ ಕೂಸುಗಳು ಅಂಗಹೀನವಾಗಿ ಹುಟ್ಟುವುದನ್ನು ತಪ್ಪಿಸಿದಳು.

ಡೋಮಾಕನಿಗೂ ಈ ದುರಂತಕ್ಕೂ ನೇರವಾದ ಸಂಬಂಧವೇನೂ ಇಲ್ಲ. ಆದರೆ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡದೆ ಇರಲಾರೆ. ಮದ್ದು ಒಂದೇ. ಅದನ್ನು ಇಲಿಗಳಿಗೆ ಕೊಟ್ಟು ವರ್ಷಗಟ್ಟಲೆ ಕಾದವನ ಕೈಯಲ್ಲಿ ಅದು ಮಗುವಿನ ತೋಳನ್ನು ಉಳಿಸಿತು. ರುಚಿಯನ್ನು ಮಾತ್ರ ನೋಡಿ ಸೀಸೆಗೆ ತುಂಬಿದವರ ಕೈಯಲ್ಲಿ ಮಕ್ಕಳನ್ನು ಕೊಂದಿತು. ಗುಳಿಗೆಯನ್ನು ದ್ರವ ಮಾಡುವಾಗ ಮದ್ದು ಬದಲಾಗಿರಲಿಲ್ಲ, ಅದರ ವಾಹನ ಬದಲಾಗಿದ್ದಿತು. ವಾಹನವನ್ನು ಯಾರೂ ಪರೀಕ್ಷಿಸಿರಲಿಲ್ಲ.

೧೯೩೯ರ ಅಕ್ಟೋಬರಿನಲ್ಲಿ ಡೋಮಾಕನಿಗೆ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಿಕ ಘೋಷಣೆಯಾಯಿತು. ಬೇರೆ ದೇಶದವನಾಗಿದ್ದರೆ ಅದು ಬಾಳಿನ ಹಬ್ಬವಾಗುತ್ತಿತ್ತು. ಆದರೆ ಹಿಟ್ಲರನ ವಿರೋಧಿಯಾಗಿ ಸೆರೆಯಲ್ಲಿದ್ದ ಓಸಿಯೆಟ್ಸ್‌ಕಿಗೆ ಹಿಂದೆ ಶಾಂತಿ ಪಾರಿತೋಷಿಕವನ್ನು ಕೊಟ್ಟಿದ್ದುದರಿಂದ ಕೆರಳಿದ ಹಿಟ್ಲರನು, ಯಾವ ಜರ್ಮನನೂ ನೊಬೆಲ್ ಪಾರಿತೋಷಿಕವನ್ನು ಸ್ವೀಕರಿಸಕೂಡದೆಂದು ೧೯೩೭ರಲ್ಲಿ ಆಜ್ಞೆ ಮಾಡಿದ್ದನು. ಡೋಮಾಕನು ಸಭ್ಯ ಗೃಹಸ್ಥನಂತೆ ಸ್ವೀಡನ್ನಿಗೆ ವಂದನೆಯ ಪತ್ರವನ್ನು ಬರೆದನು. ಗೂಢ ಪೊಲೀಸರು ಮನೆಗೆ ಬಂದು ಅವನನ್ನು ಹಿಡಿದುಕೊಂಡು ಹೋಗಿ ಒಂದು ವಾರ ಸೆರೆಯಲ್ಲಿಟ್ಟರು. ಯಾವ ಅಪರಾಧಕ್ಕಾಗಿ ಬಂದೆಯೆಂದು ಸೆರೆಮನೆಯ ಕಾವಲುಗಾರನು ಕೇಳಲು, ನೊಬೆಲ್ ಪಾರಿತೋಷಿಕ ಬಂದುದಕ್ಕಾಗಿ ಎಂದು ಇವನು ಉತ್ತರಿಸಿದನೆಂದೂ, ಕಾವಲುಗಾರನು ಇವನಿಗೆ ಬುದ್ಧಿಭ್ರಮಣೆಯೆಂದು ತಿಳಿದನೆಂದೂ ಒಂದು ಕಥೆಯಿದೆ. ಹೊರಬಂದ ಮೇಲೆ, ಪಾರಿತೋಷಿಕವನ್ನು ನಿರಾಕರಿಸುವ ಪತ್ರಕ್ಕೆ ಅವನು ಸಹಿ ಹಾಕಬೇಕಾಯಿತು. ಯುದ್ಧ ಮುಗಿದು ೧೯೪೭ರಲ್ಲಿ ಅವನು ಸ್ಟಾಕ್‌ಹೋಮಿಗೆ ಹೋಗಿ ಪದಕವನ್ನೂ ಪ್ರಶಸ್ತಿಪತ್ರವನ್ನೂ ಪಡೆದನು. ಹಣ ಮಾತ್ರ ಬರಲಿಲ್ಲ. ಅದು ನಿಯಮದಂತೆ ನಿಧಿಗೆ ಹಿಂದಿರುಗಿದ್ದಿತು.

ಅವನ ಕಾಲದ ಜರ್ಮನಿಯನ್ನು ನೆನೆಯುವಾಗ ಒಂದು ಕಹಿಯನ್ನು ಮುಚ್ಚಿಡಬಾರದು. ೧೯೪೨ರಲ್ಲಿ ರಾವೆನ್ಸ್‌ಬ್ರ್ಯೂಕ್ ಸೆರೆಶಿಬಿರದಲ್ಲಿ ನಾಟ್ಸಿ ವೈದ್ಯರು ಸೆರೆಯಾಳು ಹೆಂಗಸರ ಕಾಲುಗಳನ್ನು ಬೇಕೆಂದೇ ಕೊಯ್ದು, ಗಾಯಕ್ಕೆ ರೋಗಾಣುಗಳನ್ನು ತುಂಬಿ, ಸಲ್ಫಾ ಮದ್ದುಗಳ ಗುಣವನ್ನು ಪರೀಕ್ಷಿಸಿದರು. ಡೋಮಾಕನಿಗೆ ಅನ್ನ ಕೊಟ್ಟ ಐ. ಜಿ. ಫಾರ್ಬೆನ್ ಸಂಸ್ಥೆಯೇ ಆಶ್‌ವಿಟ್ಸ್ ಬಳಿ ಸೆರೆಯಾಳುಗಳನ್ನು ದುಡಿಸಿಕೊಂಡು ಕಾರ್ಖಾನೆ ಕಟ್ಟಿಸಿತು. ಡೋಮಾಕನು ಈ ಕೃತ್ಯಗಳಲ್ಲಿ ಭಾಗಿಯಲ್ಲ. ಆದರೂ, ಪರೀಕ್ಷೆ ಎಂಬ ಮಾತಿಗೆ ಕರುಣೆಯ ಅಂಕೆಯಿಲ್ಲದಿದ್ದರೆ ಅದು ಎಲ್ಲಿಗೆ ಇಳಿಯುವುದೆಂಬುದನ್ನು ಅವನ ಮದ್ದಿನ ಚರಿತ್ರೆಯೇ ತೋರಿಸುತ್ತದೆ. ಪರೀಕ್ಷಿಸದೆ ಕೊಡುವುದೂ ಪಾಪ. ಮನುಷ್ಯನನ್ನು ಇಲಿಯಾಗಿ ಕಾಣುವುದೂ ಪಾಪ.

ಯುದ್ಧಾನಂತರ ಡೋಮಾಕನು ಕ್ಷಯರೋಗದ ಕಡೆಗೆ ತಿರುಗಿದನು. ಅವನ ಪ್ರಯೋಗಶಾಲೆಯಿಂದ ಬಂದ ಥಯಾಸಿಟಝೋನ್ ಅಗ್ಗದ ಮದ್ದು. ೧೯೫೨ರಲ್ಲಿ ಬೆಳಕಿಗೆ ಬಂದ ಐಸೋನಿಯಜಿಡ್ಡನ್ನು ಒಂದೇ ಕಾಲದಲ್ಲಿ ಕಂಡುಕೊಂಡ ಮೂರು ಪ್ರಯೋಗಶಾಲೆಗಳಲ್ಲಿ ಅವನದೂ ಒಂದು. ಇಲ್ಲಿ ಅವನ ಬಾಳು ನಮ್ಮ ನಾಡನ್ನು ಬಂದು ಮುಟ್ಟುತ್ತದೆ. ಬೆಂಗಳೂರಿನಲ್ಲಿ ೧೯೫೯ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ೧೯೬೨ರಲ್ಲಿ ದೇಶದ ಕ್ಷಯನಿವಾರಣಾ ಕಾರ್ಯಕ್ರಮ ಆರಂಭವಾಯಿತು. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಲಾರದ ಬಡವನಿಗೆ ಮನೆಯಲ್ಲಿಯೇ ನುಂಗಲು ಕೊಟ್ಟ ಗುಳಿಗೆಗಳಲ್ಲಿ ಈ ಎರಡು ಮದ್ದುಗಳು ಜೊತೆಯಾಗಿದ್ದವು. ಥಯಾಸಿಟಝೋನ್ ಚರ್ಮಕ್ಕೆ ಮಾಡುವ ಅಪಾಯಗಳ ಕಾರಣದಿಂದ ಮುಂದೆ ಹಿಂದೆ ಸರಿಯಿತು; ಐಸೋನಿಯಜಿಡ್ ಇಂದಿಗೂ ಕ್ಷಯದ ಮೊದಲ ಸಾಲಿನ ಮದ್ದು. ನಮ್ಮ ಹಳ್ಳಿಗಳಲ್ಲಿ ಕೆಮ್ಮು ನಿಂತು ಮತ್ತೆ ಹೊಲಕ್ಕೆ ಹೋದ ಎಷ್ಟೋ ಜನಕ್ಕೆ ಡೋಮಾಕನೆಂಬ ಹೆಸರು ತಿಳಿದಿರಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ.

ಕೊನೆಯ ವರ್ಷಗಳಲ್ಲಿ ಅವನು ಅರ್ಬುದ ರೋಗಕ್ಕೆ ಮದ್ದನ್ನು ಹುಡುಕಿದನು. ಆ ಹುಡುಕಾಟ ಫಲಿಸುವ ಮೊದಲೇ, ೧೯೬೪ನೆಯ ಏಪ್ರಿಲ್ ೨೪ರಂದು, ಕಪ್ಪುಕಾಡಿನ ಸೀಮೆಯ ಬುರ್ಗ್‌ಬೆರ್ಗ್‌ನಲ್ಲಿ ತೀರಿಕೊಂಡನು.

ಅವನು ಹೋಗಿ ಅರುವತ್ತು ವರ್ಷಗಳ ಮೇಲಾದುವು. ಸಲ್ಫನಿಲಮೈಡ್ ಹಿಂದೆ ಬಿದ್ದು ಎಷ್ಟೋ ಹೊಸ ಮದ್ದುಗಳು ಬಂದಿವೆ. ಆದರೆ ೧೯೩೭ರ ಆ ಸಿಹಿ ವಿಷ ಮಾತ್ರ ಮತ್ತೆ ಮತ್ತೆ ಹಿಂದಿರುಗುತ್ತಿದೆ. ೧೯೮೬ರಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಗ್ಲಿಸರಿನ್ನಿನೊಡನೆ ಬೆರೆತು ಬಂದು ೧೪ ರೋಗಿಗಳ ಪ್ರಾಣವನ್ನು ತೆಗೆದುಕೊಂಡಿತು. ೨೦೨೨ರಲ್ಲಿ ನಮ್ಮ ದೇಶದಲ್ಲಿ ತಯಾರಾದ ಕೆಮ್ಮಿನ ಪಾನಕಗಳಲ್ಲಿ ಅದು ಇದ್ದುದನ್ನು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆಫ್ರಿಕದ ಗ್ಯಾಂಬಿಯದಲ್ಲಿ ಸುಮಾರು ಎಪ್ಪತ್ತು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತಿದ್ದರು. ೨೦೨೫ರಲ್ಲಿ ಮಧ್ಯಪ್ರದೇಶದ ಛಿಂದ್ವಾಡ ಸೀಮೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೂಸುಗಳು ಅದೇ ರೀತಿ ತೀರಿಹೋದವು. ಈಗ ಕಾನೂನಿಲ್ಲವೆಂದು ಯಾರೂ ಹೇಳುವಂತಿಲ್ಲ. ಪರೀಕ್ಷಿಸುವ ವಿಧಾನವೂ ಗೊತ್ತಿದೆ. ಪೀಪಾಯಿಯನ್ನು ತೆರೆದಾಗ ಒಳಗಿನ ದ್ರಾವಕ ಯಾವುದೆಂದು ನೋಡುವ ಒಬ್ಬ ಮನುಷ್ಯ ಆ ದಿನ ತನ್ನ ಕೆಲಸವನ್ನು ಮಾಡಬೇಕು, ಅಷ್ಟೆ. ಅವನು ಮಾಡದಿದ್ದರೆ, ತಾಯಿ ಸಿಹಿಯೆಂದು ಹೇಳಿ ಪುಸಲಾಯಿಸಿ ಕುಡಿಸಿದ ಚಮಚದಲ್ಲಿ ಸಾವಿರುತ್ತದೆ.

ನನ್ನ ತಪ್ಪು ಅಷ್ಟು ದೊಡ್ಡದಲ್ಲ. ಅರ್ಧ ಮದ್ದು ಮಗುವಿನ ಜ್ವರವನ್ನು ಒಂದು ದಿನ ಹೆಚ್ಚಾಗಿ ನಿಲ್ಲಿಸಿತು, ಅಷ್ಟೆ. ಆದರೂ ಆ ರಾತ್ರಿ ನನಗೆ ಕಂಡುದು ಇದು: ಗುಳಿಗೆಯಿಂದ ದ್ರವಕ್ಕೆ ಹೋಗುವ ಆ ಚಿಕ್ಕ ದೂರದಲ್ಲಿ ಬಹಳ ಜನ ನಿಂತಿರುತ್ತಾರೆ. ದ್ರಾವಕವನ್ನು ಪರೀಕ್ಷಿಸುವವನು, ಸೀಸೆಯ ಮೇಲೆ ಪ್ರಮಾಣವನ್ನು ಅಚ್ಚು ಹಾಕುವವನು, ಚೀಟಿ ಬರೆಯುವ ವೈದ್ಯ, ಅಂಗಡಿಯವನು. ಎಲ್ಲರಿಗೂ ಕೊನೆಯಲ್ಲಿ ಮುಚ್ಚಳವನ್ನು ಹಿಡಿದ ಅಜ್ಜ. ಇವರಲ್ಲಿ ಯಾರೊಬ್ಬರು ಓದದಿದ್ದರೂ ಉಳಿದವರ ಶ್ರಮ ವ್ಯರ್ಥ.

ಹೇಳಿದಷ್ಟು ದಿನ ಮದ್ದು ಕೊಟ್ಟು ಮುಗಿಸಿದೆವು. ಸೀಸೆಯಲ್ಲಿ ಸ್ವಲ್ಪ ಉಳಿದಿತ್ತು. ಮುಂದಿನ ಸಲಕ್ಕೆ ಇರಲಿ ಎಂದು ಸೊಸೆ ತೆಗೆದಿಡಹೋದಳು. ನಾನು ಅದನ್ನು ಇಸಿದುಕೊಂಡು ಬಚ್ಚಲಿಗೆ ಚೆಲ್ಲಿ, ಚೀಟಿ ಸುಲಿದು ಸೀಸೆಯನ್ನು ತೊಳೆದೆ. ಆ ಚೀಟಿ ಈಗ ನನ್ನ ಮೇಜಿನ ಮೇಲಿದೆ. ಮೊಮ್ಮಗಳು ಅಕ್ಷರ ಕೂಡಿಸಿಕೊಂಡು ಅದರ ಮೇಲಿನ ಅಂಕೆಗಳನ್ನು ಓದುತ್ತಾಳೆ. ಐದಕ್ಕೆ ನೂರಿಪ್ಪತ್ತೈದಾದರೆ ಹತ್ತಕ್ಕೆ ಎಷ್ಟು ಎಂದು ನಾನು ಕೇಳುತ್ತೇನೆ.